ವಿಜ್ಞಾನದ ಪುಸ್ತಕ ಸುರಪುರ ಸೀಮೆಗೆ ಬಂದ ದಾರಿ



ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ದೊಡ್ಡ ಬಂಡೆಗಳನ್ನು ಸಾಲುಸಾಲಾಗಿ ಇಟ್ಟ ಬಯಲೊಂದಿದೆ. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಚಪ್ಪಡಿಗಳಿಂದ ಕಟ್ಟಿದ ಕಲ್ಮನೆಗಳಿವೆ. ಇವು ಬೃಹತ್ ಶಿಲಾ ಸಂಸ್ಕೃತಿಯ ಜನ ಬಿಟ್ಟುಹೋದ ಗುರುತುಗಳು. ಇಂಥವನ್ನು ಅಳೆದು, ಚಿತ್ರ ಬರೆದು ವರದಿ ಮಾಡಿದ ಮೊದಲಿಗರಲ್ಲಿ ಒಬ್ಬನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಈ ಅಧಿಕಾರಿಯ ಲೇಖನಗಳು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದವು. ಆ ಕಲ್ಲುಗಳ ನಡುವೆ ದನ ಮೇಯಿಸುತ್ತಿದ್ದವರಿಗೆ ಅವು ತಲುಪುವಂತಿರಲಿಲ್ಲ.

ಮುಂದೆ ಈ ಸೀಮೆಯೆಲ್ಲ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಸೇರಿತು. 1917ರಲ್ಲಿ ಹೈದರಾಬಾದಿನಲ್ಲಿ ಒಂದು ಭಾಷಾಂತರ ಸಂಸ್ಥೆ ಆರಂಭವಾಯಿತು. ಭೌತವಿಜ್ಞಾನ, ರಸಾಯನವಿಜ್ಞಾನ, ವೈದ್ಯಶಾಸ್ತ್ರಗಳ ಗ್ರಂಥಗಳು ಉರ್ದುವಿಗೆ ಬಂದವು. ಅವುಗಳ ಬಲದಿಂದಲೇ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವಿನಲ್ಲಿ ಪಾಠ ಹೇಳಿತು. ಭಾರತೀಯ ಭಾಷೆಯೊಂದು ಉನ್ನತ ವಿಜ್ಞಾನವನ್ನು ಹೊರಬಲ್ಲದೆಂದು ತೋರಿಸಿದ ದೊಡ್ಡ ಪ್ರಯೋಗವದು. ಆದರೆ ಯಾದಗಿರಿಯ ಕನ್ನಡದ ಹುಡುಗನಿಗೆ ಉರ್ದುವೂ ಕಲಿತು ದಾಟಬೇಕಾದ ಇನ್ನೊಂದು ಹೊಳೆಯಾಗಿತ್ತು.

ಅದೇ ಹೊತ್ತಿಗೆ, 1918ರಲ್ಲಿ, ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಅದು ನಡೆದದ್ದು ಎರಡೇ ವರ್ಷ. ಆದರೂ ಹಾದಿ ಬಿತ್ತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿದರು, ಅವು ಕಿರುಹೊತ್ತಗೆಗಳಾದವು. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ, ಅನಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಬರೆದರು. ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿ, 1956ರಲ್ಲಿ ಈ ಊರುಗಳು ಮೈಸೂರು ರಾಜ್ಯಕ್ಕೆ ಬಂದ ಮೇಲೆ ಇಲ್ಲಿನ ಶಾಲೆಗಳಿಗೂ ಈ ಸಾಹಿತ್ಯದ ಬಾಗಿಲು ತೆರೆಯಿತು. 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಹುಟ್ಟಿತು.

ಇಷ್ಟಾದ ಮೇಲೆ ಕೆಲಸ ಮುಗಿಯಿತೆ? ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾವನ್ನು ನೋಡಿ. ಹಳೆಯ ಚಿನ್ನದ ಗಣಿಯ ಸೀಮೆಯಲ್ಲಿರುವ ಈ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷಧಾತು ಕಂಡುಬಂತು. ಜನರ ಅಂಗೈ, ಅಂಗಾಲುಗಳ ಚರ್ಮ ದಪ್ಪಗಟ್ಟಿತ್ತು, ಮೈಮೇಲೆ ಕಲೆಗಳಿದ್ದವು. ಚಿನ್ನದ ಅದಿರಿನ ಜೊತೆಗೆ ಆರ್ಸೆನಿಕ್ ಇರುವ ಖನಿಜವೂ ಅನೇಕ ವೇಳೆ ಇರುತ್ತದೆ. ಅದು ಮೆಲ್ಲನೆ ನೀರಿಗೆ ಇಳಿಯುತ್ತದೆ. ಆ ನೀರಿಗೆ ಬೇರೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೂ ವಿಷ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ‘ಕಾಯಿಸಿ ಆರಿಸಿದ ನೀರು ಕುಡಿಯಿರಿ’ ಎಂಬ ಒಳ್ಳೆಯ ಮಾತು ರೋಗಾಣುಗಳಿಗೆ ಮದ್ದು, ಆರ್ಸೆನಿಕ್‌ಗೆ ಅಲ್ಲ. ನೀರನ್ನು ಪರೀಕ್ಷಿಸಬೇಕು, ಬೇರೆ ನೀರು ತರಬೇಕು.

ಈ ತಾಂಡಾದ ಬಗ್ಗೆ ವಿಜ್ಞಾನಿಗಳ ಅಧ್ಯಯನ 2013ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು, ಮತ್ತೆ ಇಂಗ್ಲಿಷಿನಲ್ಲಿ. ಟೇಲರನ ಕಲ್ಲುಗಳ ಸುದ್ದಿ ಊರಿಗೆ ತಡವಾಗಿ ತಲುಪಿದ್ದರಿಂದ ಯಾರ ಜೀವಕ್ಕೂ ಹಾನಿಯಾಗಲಿಲ್ಲ. ನೀರಿನ ಸುದ್ದಿ ಹಾಗಲ್ಲ. ಕೊಡ ಹೊತ್ತು ತರುವವಳಿಗೆ ಅದು ಅವಳ ಮಾತಿನಲ್ಲೇ ತಿಳಿಯಬೇಕು. ತಾಂಡಾದಲ್ಲಾದರೆ ಲಂಬಾಣಿಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು.

ಜನಪ್ರಿಯ ವಿಜ್ಞಾನದ ಪುಸ್ತಕವೆಂದರೆ ಬಿಡುವಿನ ಓದು ಮಾತ್ರವಲ್ಲ. ನಿಮ್ಮ ಶಾಲೆಯ ಗ್ರಂಥಾಲಯದ ಬೀರುವಿನಲ್ಲಿ ಅಂಥ ಪುಸ್ತಕಗಳಿದ್ದರೆ ಹೊರಗೆ ತೆಗೆಯಿರಿ, ಓದಿ. ಓದಿದ್ದನ್ನು ಮನೆಯಲ್ಲಿ ಅಜ್ಜಿಗೆ ಅರ್ಥವಾಗುವಂತೆ ಹೇಳಿ. ಎಲ್ಲಿ ಮಾತು ತಡವರಿಸುತ್ತದೋ ಅಲ್ಲಿ ಕನ್ನಡದಲ್ಲಿ ಇನ್ನೊಂದು ಪುಸ್ತಕ ಬೇಕಾಗಿದೆ ಎಂದು ತಿಳಿಯಿರಿ. ಅದನ್ನು ಬರೆಯುವವರು ನಿಮ್ಮಲ್ಲೇ ಇರಬಹುದು.