ಸುಲ್ತಾನ, ಸುರತ್ರಾಣ, ತುರುಷ್ಕ

ನನ್ನ ಊರು ತಾಜಸುಲ್ತಾನಪುರ. ಕಲಬುರಗಿಗೆ ಹೊಂದಿಕೊಂಡಂತೆ ಇರುವ ಊರು; ಈಗಂತೂ ನಗರ ಎಲ್ಲಿ ಮುಗಿಯಿತು, ಊರು ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಬಾಲ್ಯದಲ್ಲಿ ಆ ಹೆಸರಿನಲ್ಲಿ ಯೋಚಿಸುವಂಥದ್ದೇನೋ ಇದೆಯೆಂದು ನನಗೆ ತೋರಿರಲಿಲ್ಲ. ಕನ್ನಡ ಎಂ.ಎ. ತರಗತಿಯಲ್ಲಿ ಭಾಷಾಶಾಸ್ತ್ರದ ಪಾಠ ಕೇಳುತ್ತ ಕುಳಿತಿದ್ದಾಗ ಒಂದು ದಿನ ತಟ್ಟನೆ ಹೊಳೆಯಿತು. ‘ತಾಜ’ ಎಂಬುದು ಪಾರಸಿಯ ಕಿರೀಟ, ‘ಸುಲ್ತಾನ’ ಅರಬ್ಬಿಯ ಅಧಿಕಾರ, ‘ಪುರ’ ಸಂಸ್ಕೃತದ ಪಟ್ಟಣ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಿದ್ದವರು ಕನ್ನಡದ ಒಕ್ಕಲು ಮಕ್ಕಳು.

ಸುಲ್ತಾನ ಎಂಬ ಶಬ್ದ ನಮ್ಮ ಊರಿಗಷ್ಟೇ ಬಂದು ನಿಂತದ್ದಲ್ಲ. ತುಂಗಭದ್ರೆಯನ್ನು ದಾಟಿ ವಿಜಯನಗರಕ್ಕೂ ಹೋಯಿತು. 14ನೆಯ ಶತಮಾನದ ನಡುಭಾಗದಿಂದ ಅಲ್ಲಿಯ ಅರಸರು ಶಾಸನಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಎಂದು ಕರೆಯಿಸಿಕೊಂಡರು. ಸುರತ್ರಾಣ ಎಂದರೆ ದೇವತೆಗಳನ್ನು ಕಾಯುವವನು ಎಂದು ಪಂಡಿತರು ಬಿಡಿಸಿ ಹೇಳಬಹುದು; ಆದರೆ ಅದು ಸುಲ್ತಾನನಿಗೆ ಉಡಿಸಿದ ಸಂಸ್ಕೃತದ ಮಡಿವಸ್ತ್ರವೆಂಬುದು ಕಿವಿಯಿದ್ದವರಿಗೆಲ್ಲ ತಿಳಿಯುತ್ತದೆ. ಅದೇ ರಾಜಧಾನಿಯಲ್ಲಿ 1439ರಲ್ಲಿ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನೆಂಬ ಅಧಿಕಾರಿ ಒಂದು ಮಸೀದಿಯನ್ನು ಕಟ್ಟಿಸಿದ. ಅದರ ಮೇಲಿನ ಶಾಸನ ಕನ್ನಡದಲ್ಲಿದೆ. ಅದು ಆ ಕಟ್ಟಡವನ್ನು ಕರೆದದ್ದು ಧರ್ಮಶಾಲೆ ಎಂದು.

ಮೂರನೆಯ ಶಬ್ದ ತುರುಷ್ಕ. ಇಂದು ‘ತುರುಕ’ ಎಂದರೆ ಬೈಗುಳದಂತೆ ಕೇಳಿಸುತ್ತದೆ, ನಿಜ. ಹಳೆಯ ಶಾಸನಗಳಲ್ಲಿ ಹಾಗಿರಲಿಲ್ಲ. ಅಲ್ಲಿ ಮುಸಲ್ಮಾನ ಎಂಬ ಮತಸೂಚಕ ಶಬ್ದ ಅಪರೂಪ; ಆಂಧ್ರ, ಗೌಳ, ಮಾಳವ ಎಂಬ ಹಾಗೆ ತುರುಷ್ಕ ಎಂಬುದು ಒಂದು ಜನದ ಹೆಸರು. ಸೋಜಿಗವೆಂದರೆ ಯುರೋಪಿನಲ್ಲಿಯೂ ಶತಮಾನಗಳ ಕಾಲ ಮುಸಲ್ಮಾನನೆಂದರೆ ‘ತುರ್ಕ’ನೇ. ಆದರೆ ಅವರ ಕಣ್ಣಮುಂದೆ ಇದ್ದದ್ದು ಆಟೊಮನ್ ಸಾಮ್ರಾಜ್ಯ: 1453ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಗೆದ್ದು, ವಿಯೆನ್ನಾದ ಬಾಗಿಲವರೆಗೆ ಬಂದ ರಾಜ್ಯ. ಆ ಭಯದಿಂದ ಹುಟ್ಟಿದ ಚಿತ್ರವೇ ಮುಂದೆ ವಿದ್ವತ್ತಿನ ಅಂಗಿಯನ್ನು ತೊಟ್ಟುಕೊಂಡಿತು. ಎಡ್ವರ್ಡ್ ಸೈದ್ 1978ರಲ್ಲಿ ‘ಓರಿಯಂಟಲಿಸಂ’ ಎಂಬ ಗ್ರಂಥ ಬರೆದು ಈ ಬಗೆಯ ವಿದ್ವತ್ತನ್ನು ಬಯಲಿಗೆಳೆದಾಗ ಮುಖ್ಯವಾಗಿ ಅರಬ್ ನಾಡುಗಳನ್ನು ಕುರಿತ ಬ್ರಿಟಿಷ್ ಮತ್ತು ಫ್ರೆಂಚ್ ಬರವಣಿಗೆಯನ್ನು ಲಕ್ಷದಲ್ಲಿಟ್ಟುಕೊಂಡಿದ್ದರು. ನಾನು ಅದನ್ನು ಓದುವಾಗ ಮಾತ್ರ ಅಂಚಿನಲ್ಲೆಲ್ಲ ಕಲಬುರಗಿ, ಬೀದರ, ವಿಜಾಪುರ ಎಂದು ಬರೆದುಕೊಳ್ಳುತ್ತ ಹೋದೆ.

ಆಟೊಮನ್ನರಿಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಬೀದರದಲ್ಲಿ 1472ರಲ್ಲಿ ಮದರಸೆಯನ್ನು ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ ಕಾನ್‌ಸ್ಟಾಂಟಿನೋಪಲನ್ನು ಗೆದ್ದ ಎರಡನೆಯ ಮೆಹಮೆದ್ ಸುಲ್ತಾನನಿಗೆ ಪತ್ರ ಬರೆದಿದ್ದ. ಅವನ ಪತ್ರಸಂಗ್ರಹ ‘ರಿಯಾಜ್-ಉಲ್-ಇನ್ಶಾ’ದಲ್ಲಿ ಅವು ಉಳಿದಿವೆ. ವಿಜಾಪುರದ ಕೋಟೆಯ ಮೇಲೆ ಕುಳಿತಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. ರೂಮಿ ಎಂದರೆ ಆಟೊಮನ್ ನಾಡಿನವನು. ಆದರೆ ಇವುಗಳಿಗಿಂತ ಆಳವಾದ ಸಂಬಂಧವೊಂದಿದೆ. ಆ ನಾಡಿನ ಚರಿತ್ರೆಯನ್ನೂ ನಮ್ಮ ನಾಡಿನ ಚರಿತ್ರೆಯನ್ನೂ ಬರೆದವರು ಮಾಡಿದ ತಪ್ಪು ಒಂದೇ.

ನಮ್ಮ ಕಡೆಯದನ್ನು ಮೊದಲು ನೋಡೋಣ. ಬಹಮನಿ ಚರಿತ್ರೆಗೆ ಇಂಗ್ಲಿಷ್ ಬಲ್ಲವರು ಹಿಡಿದ ದೀಪ ಜಾನ್ ಬ್ರಿಗ್ಸ್ 1829ರಲ್ಲಿ ಪ್ರಕಟಿಸಿದ ಫೆರಿಶ್ತನ ಅನುವಾದ. ಫೆರಿಶ್ತ ಬರೆದದ್ದು 17ನೆಯ ಶತಮಾನದ ಆರಂಭದಲ್ಲಿ, ವಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ. ಆ ಇಬ್ರಾಹಿಂ ಎಂಥವನು? ‘ಕಿತಾಬ್-ಎ-ನೌರಸ್’ ಎಂಬ ಹಾಡುಗಳ ಪುಸ್ತಕದಲ್ಲಿ ಸರಸ್ವತಿಯನ್ನು ನೆನೆದವನು, ಜನ ಜಗದ್ಗುರು ಬಾದಶಹನೆಂದು ಕರೆದವನು. ಅಂಥವನ ಆಸ್ಥಾನದಲ್ಲಿ ಕುಳಿತು ಫೆರಿಶ್ತ ಎರಡು ಶತಮಾನಗಳಿಗೂ ಹಿಂದಿನ ಬಹಮನಿ ಯುದ್ಧಗಳನ್ನು ವರ್ಣಿಸಿದ. ಒಂದನೆಯ ಮುಹಮ್ಮದ್ ಶಹನ ಕಾಲದ ವಿಜಯನಗರ ಯುದ್ಧದಲ್ಲಿ ಐದು ಲಕ್ಷ ಜನ ಸತ್ತರೆಂದ. ಆಸ್ಥಾನದ ಇತಿಹಾಸಕಾರರ ಲೆಕ್ಕ ಎಂದಿಗೂ ಧಾರಾಳವೇ. ಆದರೆ ಆ ಯುದ್ಧದ ಕೊನೆಯಲ್ಲಿ, ಇನ್ನು ಮುಂದೆ ಆಯುಧ ಹಿಡಿಯದವರನ್ನು ಕೊಲ್ಲಬಾರದೆಂದು ಸುಲ್ತಾನ ಮಾತು ಕೊಟ್ಟನೆಂದೂ ಅವನೇ ಬರೆದಿದ್ದಾನೆ. ಐದು ಲಕ್ಷ ಎಲ್ಲರ ನೆನಪಿನಲ್ಲಿ ಉಳಿಯಿತು. ಕೊಟ್ಟ ಮಾತು ಉಳಿಯಲಿಲ್ಲ.

ಉಳಿಯದಂತೆ ಓದುವ ರೀತಿಯೊಂದು ಆಗ ಸಿದ್ಧವಾಗುತ್ತಿತ್ತು. 1867ರಿಂದ 1877ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಎಲಿಯಟ್ ಮತ್ತು ಡೌಸನ್ನರ ಸಂಗ್ರಹವನ್ನು ಬಲ್ಲವರು ಬಲ್ಲರು. ಹಿಂದಿನ ಅರಸರ ಕಥೆ ಕೇಳಿದರೆ ಬ್ರಿಟಿಷರ ಆಳಿಕೆಯ ಹಿತ ಭಾರತೀಯರಿಗೆ ಮನವರಿಕೆಯಾದೀತು ಎಂಬ ಉದ್ದೇಶವನ್ನು ಎಲಿಯಟ್ ಮರೆಮಾಚಲಿಲ್ಲ. 1900ರಲ್ಲಿ ರಾಬರ್ಟ್ ಸಿವೆಲ್ ವಿಜಯನಗರವನ್ನು ‘ಮರೆತುಹೋದ ಸಾಮ್ರಾಜ್ಯ’ವೆಂದು ಕರೆದು ಗ್ರಂಥ ಬರೆದ. ಕನ್ನಡಿಗರು ಆ ಪುಸ್ತಕಕ್ಕೆ ಋಣಿಗಳು, ಸಂದೇಹವಿಲ್ಲ. ಆದರೆ ಆ ಋಣದ ಜೊತೆಗೆ ವಿಜಯನಗರವೆಂದರೆ ಮುಸಲ್ಮಾನರ ಪ್ರವಾಹಕ್ಕೆ ಅಡ್ಡ ಕಟ್ಟಿದ ಹಿಂದೂ ಒಡ್ಡು ಎಂಬ ಚಿತ್ರವನ್ನೂ ನಾವು ಮನೆಗೆ ತಂದುಕೊಂಡೆವು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್‌ನಂಥವರು ಇದ್ದರು. ಆತನಿಗೆ ಈ ನೆಲದ ಮೇಲೆ, ಜನರ ಮೇಲೆ ನಿಜವಾದ ಪ್ರೀತಿಯಿತ್ತು. ಬೈಯುವ ಬರವಣಿಗೆಯನ್ನು ಗುರುತಿಸುವುದು ಸುಲಭ. ಪ್ರೀತಿಯ ಬರವಣಿಗೆಯಲ್ಲಿ ಅಡಗಿದ ದೊರೆತನವನ್ನು ಗುರುತಿಸಲು ನನಗೆ ಬಹಳ ವರ್ಷ ಬೇಕಾಯಿತು.

ಆ ಚಿತ್ರವನ್ನು ನಾನೂ ಪಾಠ ಹೇಳಿದ್ದೇನೆ. ವಿಜಯನಗರೋತ್ತರ ಸಾಹಿತ್ಯದ ಹಿನ್ನೆಲೆಯೆಂದು 1565ರ ತಾಳಿಕೋಟೆ ಯುದ್ಧವನ್ನು ತರಗತಿಯಲ್ಲಿ ಆವೇಶದಿಂದ ವರ್ಣಿಸಿದೆ. ಗಂಟೆ ಬಾರಿಸಿತು. ನಮ್ಮ ಊರ ಕಡೆಯ ಒಬ್ಬ ಹುಡುಗ, ರೈತನ ಮಗ, ಕನ್ನಡದಲ್ಲಿ ತರಗತಿಗೇ ಮೊದಲಿಗ, ಹೊರಗೆ ಬಂದು ನಿಂತ. ‘ಸರ, ಈ ಲಡಾಯಿದಾಗ ನಾವು ಯಾರ ಕಡಿ ಇದ್ವಿ?’ ಎಂದ. ಅವನು ಮುಸಲ್ಮಾನ. ಅವನ ದನಿಯಲ್ಲಿ ಸವಾಲಿರಲಿಲ್ಲ. ತಿಳಿಯಬೇಕೆಂಬ ಆಸೆಯಷ್ಟೇ ಇತ್ತು. ನಾನು ಏನೋ ಹೇಳಿ ನುಣುಚಿಕೊಂಡೆ.

ಉತ್ತರವಿಲ್ಲದೆ ಇರಲಿಲ್ಲ, ನಾನು ಹುಡುಕಿರಲಿಲ್ಲ. ಅಳಿಯ ರಾಮರಾಯ ತಾರುಣ್ಯದಲ್ಲಿ ಗೋಲ್ಕೊಂಡದ ಸೇವೆಯಲ್ಲಿದ್ದವನು. ಅವನ ವಿರುದ್ಧ ನಿಂತ ಇಬ್ರಾಹಿಂ ಕುತುಬಶಾಹ ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದವನು. ವಿಜಾಪುರದ ಅಲಿ ಆದಿಲಶಾಹನನ್ನು ರಾಮರಾಯನ ಮನೆಯವರು ಮಗನೆಂದು ಕರೆದಿದ್ದರೆಂದು ಫೆರಿಶ್ತ ಹೇಳುತ್ತಾನೆ. ವಿಜಯನಗರದ ಸೈನ್ಯದಲ್ಲಿ ಮುಸಲ್ಮಾನ ಸರದಾರರಿದ್ದರು, ವಿಜಾಪುರದ ಸೈನ್ಯದಲ್ಲಿ ಮರಾಠರಿದ್ದರು. ಹುಡುಗನ ಪೂರ್ವಜರು ಎರಡೂ ಕಡೆ ಇದ್ದಿರಬಹುದು, ನನ್ನವರೂ ಅಷ್ಟೇ. ಬಹುಶಃ ಇಬ್ಬರೂ ಯಾವ ಕಡೆಯೂ ಇಲ್ಲದೆ, ದಂಡು ಹಾದುಹೋದ ಹೊಲದಲ್ಲಿ ಜೋಳ ಹಾಳಾಯಿತೆಂದು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು.

ಇದನ್ನು ತಿಳಿದ ಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಒಳ್ಳೆಯ ಉದ್ದೇಶದಿಂದಲೇ ಮಾಡಿದೆ. ಎಲ್ಲಿ ಭಾಷಣಕ್ಕೆ ಕರೆದರೂ ಸುಲ್ತಾನರ ಔದಾರ್ಯವನ್ನು ಹೊಗಳತೊಡಗಿದೆ. ಬೀದರದ ಹತ್ತಿರ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಹಾ ವಲಿಯ ಗೋರಿ ಇದೆ. 1422ರಿಂದ 1436ರವರೆಗೆ ಆಳಿದವನು, ಕಲಬುರಗಿಯಿಂದ ರಾಜಧಾನಿಯನ್ನು ಬೀದರಕ್ಕೆ ಒಯ್ದವನು. ಅವನ ಉರುಸು ನಡೆಯುವುದು ಹಿಂದೂ ಪಂಚಾಂಗದ ತಿಥಿಗೆ. ಆಳಂದ ತಾಲೂಕಿನ ಮಾಡಿಯಾಳದಿಂದ ಜಂಗಮರು ಭಕ್ತರೊಂದಿಗೆ ನಡೆದು ಬಂದು ಆ ಗೋರಿಯ ಮುಂದೆ ಶಂಖ ಊದಿ ಕಾಯಿ ಒಡೆಯುತ್ತಾರೆ. ಇದಕ್ಕಿಂತ ಸೊಗಸಾದ ಉದಾಹರಣೆ ಬೇಕೆ? ಒಮ್ಮೆ ಉರುಸಿಗೆ ಹೋಗಿ, ಹಾಗೆ ನಡೆದು ಬಂದಿದ್ದ ಹಿರಿಯರೊಬ್ಬರ ಪಕ್ಕ ಕುಳಿತು, ‘ಸುಲ್ತಾನರ ಮೇಲೆ ನಿಮಗೆ ಎಂಥ ಭಕ್ತಿ, ಅಜ್ಜಾರ’ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ನಾವು ಯಾವ ಸುಲ್ತಾನಗೂ ಬರಂಗಿಲ್ರೀ. ನಮ್ಮ ಅಲ್ಲಮಪ್ರಭುಗ ಬರ್ತೀವಿ’ ಎಂದರು. ಎರಡು ಮಾರು ಆಚೆ ಕುಳಿತಿದ್ದ ಮುಜಾವರರಿಗೆ ಒಳಗಿದ್ದವನು ವಲಿಯೇ. ಇವರ ಮಾತು ಅವರಿಗೆ ಕೇಳಿಸಿತು. ಅವರು ತಿದ್ದಲಿಲ್ಲ, ಒಪ್ಪಲೂ ಇಲ್ಲ. ನವಿಲುಗರಿಯ ಕಟ್ಟನ್ನು ಇನ್ನೊಂದು ಕೈಗೆ ತೆಗೆದುಕೊಂಡು ಮುಂದಿನವರನ್ನು ಕರೆದರು.

ಆಟೊಮನ್ ಚರಿತ್ರೆಯ ವಿದ್ವಾಂಸರೂ ಇದೇ ಎರಡು ಹಳ್ಳಗಳಲ್ಲಿ ಬಿದ್ದು ಎದ್ದರು. ಗ್ಲಾಡ್‌ಸ್ಟನ್ 1876ರಲ್ಲಿ ಬಲ್ಗೇರಿಯದ ಹತ್ಯೆಗಳ ಮೇಲೆ ಬರೆದ ಕಿರುಹೊತ್ತಗೆಯಲ್ಲಿ ತುರ್ಕನೆಂದರೆ ಮನುಷ್ಯಕುಲದ ಶತ್ರು. ಇನ್ನೊಂದು ಕಡೆ ‘ಮಿಲ್ಲೆತ್’ ಪದ್ಧತಿಯ ಕಥೆ: ಗೆದ್ದ ಸುಲ್ತಾನ ಗ್ರೀಕರು, ಆರ್ಮೇನಿಯನ್ನರು, ಯಹೂದಿಗಳು ಎಲ್ಲರಿಗೂ ಅವರವರ ಗುರುಗಳ ಕೆಳಗೆ ಸ್ವಾಯತ್ತೆಯನ್ನು ದಯಪಾಲಿಸಿದನೆಂದು. ಬೆಂಜಮಿನ್ ಬ್ರೌಡ್ ಎಂಬ ವಿದ್ವಾಂಸರು 1982ರಲ್ಲಿ ಇದನ್ನು ಪರೀಕ್ಷಿಸಿ, 19ನೆಯ ಶತಮಾನದ ಸುಧಾರಣೆಗಳ ಕಾಲದಲ್ಲಿ ರೂಪುಗೊಂಡ ವ್ಯವಸ್ಥೆಯನ್ನು 15ನೆಯ ಶತಮಾನದ ಸುಲ್ತಾನನ ತಲೆಗೆ ಕಟ್ಟಲಾಗಿದೆಯೆಂದು ತೋರಿಸಿದರು. ಸ್ಪೇನ್ ದೇಶ 1492ರಲ್ಲಿ ಹೊರಗಟ್ಟಿದ ಯಹೂದಿಗಳಿಗೆ ಆಟೊಮನ್ನರು ನೆಲೆ ಕೊಟ್ಟದ್ದು ನಿಜ. ಕ್ರೈಸ್ತರ ಮನೆಗಳಿಂದ ಗಂಡುಮಕ್ಕಳನ್ನು ಒಯ್ದು ಸೈನಿಕರನ್ನಾಗಿ ಮಾಡಿದ್ದೂ ನಿಜ. ಅನ್ಯಮತೀಯರು ತಲೆಗಂದಾಯ ಕೊಡಬೇಕಾಗಿತ್ತು. ಸಮಾನತೆಯೆಂಬುದು ಅಲ್ಲಿರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ. ಇದ್ದದ್ದು ಕೂಡಿ ಬಾಳುವ ರೂಢಿ. ರೂಢಿಯನ್ನು ಯಾವ ದೊರೆಯೂ ಕೊಡಲಾರ.

ಹ್ಯಾಸ್ಲಕ್ ಎಂಬ ಇಂಗ್ಲಿಷ್ ವಿದ್ವಾಂಸ ಈ ರೂಢಿಯ ಬೆನ್ನುಹತ್ತಿ ತುರ್ಕಿಯ ಊರೂರು ಸುತ್ತಿದ. ಅವನ ಟಿಪ್ಪಣಿಗಳನ್ನು ಅವನು ತೀರಿಕೊಂಡ ಮೇಲೆ ಹೆಂಡತಿ ಕೂಡಿಸಿ 1929ರಲ್ಲಿ ಪ್ರಕಟಿಸಿದಳು. ಒಂದೇ ಗೋರಿಗೆ ಮುಸಲ್ಮಾನರು ಒಬ್ಬ ಸಂತನ ಹೆಸರಿನಲ್ಲಿಯೂ ಕ್ರೈಸ್ತರು ಇನ್ನೊಬ್ಬನ ಹೆಸರಿನಲ್ಲಿಯೂ ಹರಕೆ ಸಲ್ಲಿಸುವ ಸ್ಥಳಗಳು ಅದರಲ್ಲಿ ಎಷ್ಟೋ ಇವೆ. ಅದನ್ನು ಓದುವಾಗ ಅಷ್ಟೂರಿನ ಅಜ್ಜ ಕಣ್ಣಮುಂದೆ ಬಂದರು. ಆದರೆ ಆ ಪುಸ್ತಕ ಅಚ್ಚಾಗುವ ವೇಳೆಗೆ ಆ ಲೋಕವೇ ಇರಲಿಲ್ಲ. 1915ರಲ್ಲಿ ಆರ್ಮೇನಿಯನ್ನರ ಸಂಹಾರ ನಡೆದುಹೋಗಿತ್ತು. 1923ರಲ್ಲಿ ಲೊಸಾನ್ ಪಟ್ಟಣದಲ್ಲಿ ಆದ ಒಪ್ಪಂದದಂತೆ ಅನತೋಲಿಯದ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿನವರೆಂದೂ, ಗ್ರೀಸಿನ ಸುಮಾರು 4 ಲಕ್ಷ ಮುಸಲ್ಮಾನರು ತುರ್ಕಿಯವರೆಂದೂ ತೀರ್ಮಾನವಾಯಿತು. ಕೇಳಿದ್ದು ಮತವನ್ನು, ಮಾತನ್ನಲ್ಲ. ಮನೆಯಲ್ಲಿ ತುರ್ಕಿ ಮಾತಾಡಿ ಅದನ್ನು ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದ ಕ್ರೈಸ್ತರು ತಮಗೆ ತಿಳಿಯದ ಭಾಷೆಯ ‘ತಾಯ್ನಾಡಿಗೆ’ ಹಡಗು ಹತ್ತಿದರು. ಗ್ರೀಕ್ ಬಿಟ್ಟು ಬೇರೆ ಮಾತು ಬಾರದ ಕ್ರೀಟ್ ದ್ವೀಪದ ಮುಸಲ್ಮಾನರು ಎದುರು ದಿಕ್ಕಿಗೆ ಹೊರಟರು. ಈ ಸಂಗತಿಯನ್ನು ಓದಿದಂದು ನನಗೆ ಆ ವಿದ್ಯಾರ್ಥಿಯ ನೆನಪಾಯಿತು, ತರಗತಿಗೇ ಮೊದಲಿಗನಾದ ಅವನ ಕನ್ನಡದ ನೆನಪಾಯಿತು.

ನಮ್ಮ ಭಾಗಕ್ಕೂ ಅಂಥ ಗಳಿಗೆ ಬಂದಿತ್ತು. 1948ರಲ್ಲಿ ಮೊದಲು ರಜಾಕಾರರ ಹಾವಳಿ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹಿಂದೆಯೇ ಮುಸಲ್ಮಾನರ ಮೇಲೆ ನಡೆದ ಹಿಂಸೆ. ಸುಂದರಲಾಲ್ ಸಮಿತಿಯು ಅತಿ ಹೆಚ್ಚು ನಲುಗಿದ ಜಿಲ್ಲೆಗಳೆಂದು ಹೇಳಿದವುಗಳಲ್ಲಿ ಕಲಬುರಗಿ, ಬೀದರಗಳೂ ಇವೆ. ನಾನು ಹುಟ್ಟುವ ಮೊದಲಿನ ಮಾತು. ಮನೆಯಲ್ಲಿ ಹಿರಿಯರು ಮೊದಲ ಅರ್ಧವನ್ನು ಹೇಳುತ್ತಿದ್ದರು, ಎರಡನೆಯದಕ್ಕೆ ಬಂದಾಗ ಎದ್ದು ಹೋಗುತ್ತಿದ್ದರು. ಆಳಂದದ ಲಾಡ್ಲೆ ಮಶಾಯಕ ದರ್ಗಾದ ಆವರಣದಲ್ಲಿ ರಾಘವ ಚೈತನ್ಯರ ಸಮಾಧಿಯೂ ಉಂಟು. 2022ರ ಶಿವರಾತ್ರಿಯಂದು ಅಲ್ಲಿ ಗಲಭೆಯಾಗಿ, ಪೂಜೆಯ ವಿಚಾರ ನ್ಯಾಯಾಲಯದವರೆಗೆ ಹೋಯಿತು. ರೂಢಿ ತಾನಾಗಿ ಇತ್ತು, ತಾನಾಗಿ ಇರುತ್ತದೆ ಎಂದು ನಂಬುವವರು ಇದನ್ನು ಗಮನಿಸಬೇಕು.

ಕಲಬುರಗಿಯ ಬಂದೇನವಾಜರ ವಿಷಯದಲ್ಲಿಯೂ ನಾವು ಸಿಹಿಮಾತನ್ನೇ ಆಡುತ್ತೇವೆ. ಸುಮಾರು ಎಂಬತ್ತರ ವಯಸ್ಸಿನಲ್ಲಿ ಇಲ್ಲಿಗೆ ಬಂದು 1422ರಲ್ಲಿ ತೀರಿಕೊಂಡ ಆ ಮಹನೀಯರು ಸಂಸ್ಕೃತದ ಗ್ರಂಥಗಳನ್ನು ಅರಿತವರು. ಬ್ರಾಹ್ಮಣರೊಡನೆ ವಾದಿಸಿದವರು, ಗೆಲ್ಲಬೇಕೆಂದೇ ವಾದಿಸಿದವರು. ತಮ್ಮ ಮತವೇ ಸತ್ಯವೆಂಬ ನಂಬಿಕೆಯನ್ನು ಅವರು ಬಿಟ್ಟುಕೊಡಲಿಲ್ಲ. ಆದರೂ ಅವರ ಉರುಸಿಗೆ ಎಲ್ಲ ಜಾತಿಯ ಜನ ನೆರೆಯುತ್ತಾರೆ. ಸಾಮರಸ್ಯಕ್ಕೆ ನಂಬಿಕೆ ಸಡಿಲವಾಗಬೇಕೆಂಬುದು ಓದಿದವರ ಕಲ್ಪನೆ.

ನಮ್ಮ ಊರಿನ ಮೊಹರಮ್ಮಿನ ಒಂದು ಜಗಳ ನನಗೆ ಚೆನ್ನಾಗಿ ನೆನಪಿದೆ. ಆಗ ನಾನು ಹತ್ತು ವರ್ಷದವನಿರಬೇಕು. ಅಲಾಯಿ ಕುಣಿಯ ಸುತ್ತ ಕನ್ನಡದಲ್ಲಿ ರಿವಾಯತ್ ಪದ ಹಾಡುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೂಗಳು. ಆ ವರ್ಷ ಪೀರ ಯಾರು ಹಿಡಿಯಬೇಕೆಂಬ ಮಾತು ಬೆಳೆದು, ಕೈ ಕೈ ಮಿಲಾಯಿಸುವವರೆಗೆ ಬಂತು. ಊರ ಗೌಡರೂ ಮುಲ್ಲಾ ಕಾಕಾನೂ ಬೇವಿನ ಗಿಡದ ಕೆಳಗೆ ರಾತ್ರಿಯೆಲ್ಲ ಕುಳಿತರು. ಇಬ್ಬರೂ ಬೈದಾಡಿದ್ದನ್ನು ನಾವು ಹುಡುಗರು ಗೋಡೆಯ ಹಿಂದೆ ನಿಂತು ಕೇಳಿದೆವು. ಕೋಳಿ ಕೂಗುವ ಹೊತ್ತಿಗೆ ಯಾರ ಮನೆತನಕ್ಕೆ ಯಾವ ಪೀರ, ಯಾರು ಮುಂದೆ, ಯಾರು ಹಿಂದೆ ಎಂದು ಗೊತ್ತುಮಾಡಿ ಎದ್ದರು. ಗೌಡರು ಸಿಟ್ಟಿನಲ್ಲೇ ಮನೆಗೆ ಹೋದರು. ಮಧ್ಯಾಹ್ನ ಅವರ ಮನೆಯಿಂದ ಮುಲ್ಲಾ ಕಾಕಾನ ಮನೆಗೆ ಎಂದಿನಂತೆ ಚೊಂಗೆ ಮಾಡಲು ಗೋದಿಹಿಟ್ಟು, ಬೆಲ್ಲ ಹೋಯಿತು. ಹೊತ್ತುಕೊಂಡು ಹೋದವನು ನಾನೇ. ಕಾಕಾ ಬೆಲ್ಲವನ್ನು ಕೈಯಲ್ಲಿ ತೂಗಿ ನೋಡಿ, ‘ಹ್ವಾದ ವರ್ಷದಕ್ಕಿಂತ ಕಡಿಮಿ ಐತಲ್ಲೋ’ ಎಂದು ಗೊಣಗಿ ಒಳಗಿಟ್ಟುಕೊಂಡ.