ಹತ್ತಿಗಾಗಿ ಬೆಳೆದ ಬಂದರು, ಕವಿ ಕಂಡ ಕಡಲು

ಬೈಲಹೊಂಗಲ, ಸವದತ್ತಿ, ಕಟಕೋಳ ಕಡೆಯವರಿಗೆ ಕಾರವಾರವೆಂದರೆ ಶಾಲಾ ಪ್ರವಾಸದ ಊರು. ಘಟ್ಟ ಇಳಿದು, ಸಮುದ್ರ ನೋಡಿ, ಉಪ್ಪು ನೀರಿನಲ್ಲಿ ಕಾಲು ತೋಯಿಸಿಕೊಂಡು ಬರುವ ಊರು. ಆದರೆ ಈ ಊರು ಬೆಳೆದದ್ದು ಪ್ರವಾಸಿಗರಿಗಾಗಿ ಅಲ್ಲ. ಘಟ್ಟದ ಮೇಲಿನ ಎರೆ ಹೊಲಗಳ ಹತ್ತಿಗಾಗಿ.

ಇಂಗ್ಲಿಷರು ಇಲ್ಲಿ ಕೋಠಿ ತೆರೆದದ್ದು 1638ರಲ್ಲಿ, ಮೆಣಸು ಮತ್ತು ಬಟ್ಟೆಯ ಆಸೆಗೆ. ಹದಿನೆಂಟನೆಯ ಶತಮಾನದಲ್ಲಿ ಆ ಕೋಠಿ ಮುಚ್ಚಿದ ಮೇಲೆ ಊರನ್ನು ಕೇಳುವವರಿರಲಿಲ್ಲ. ಮತ್ತೆ ಜೀವ ಬಂದದ್ದು ಸಾತ್ ಸಮುದ್ರದಾಚೆಯ ಜಗಳದಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿನ ಹತ್ತಿ ಬಾರದೆ ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳು ನಿಂತವು. ಧಾರವಾಡ, ಬೆಳಗಾವಿ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಅದುವರೆಗೆ ಈ ಭಾಗದ ಹತ್ತಿ ಘಟ್ಟ ಇಳಿದು ಕುಮಟಾ ಸೇರಿ, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ವ್ಯಾಪಾರಿಗಳ ಬಾಯಲ್ಲಿ ಅದರ ಹೆಸರೇ ‘ಕುಮಟಾ ಹತ್ತಿ’. (ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ ಎಂಬುದು ಬೇರೆ ಮಾತು.) ಆದರೆ ಕುಮಟೆಯ ಕಡಲು ಬಟಾಬಯಲು, ಹಡಗಿಗೆ ಆಸರೆಯಿಲ್ಲ. ಕಾರವಾರದ ಕೊಲ್ಲಿಗೆ ಗುಡ್ಡ, ನಡುಗಡ್ಡೆಗಳ ಮರೆಯಿದೆ.

1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಲಾಯಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. 1864ರಲ್ಲಿ ದೇವಗಡ ನಡುಗಡ್ಡೆಯ ಮೇಲೆ ದೀಪಸ್ತಂಭ ಬೆಳಗಿತು. ಇನ್ನು ರೈಲು ಬರುವುದೊಂದೇ ಬಾಕಿ ಎಂದು ಎಲ್ಲರೂ ಭಾವಿಸಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. 1880ರ ದಶಕದಲ್ಲಿ ಬಂದ ರೈಲು ಕ್ಯಾಸಲ್‌ರಾಕ್ ಮಾರ್ಗವಾಗಿ ಪೋರ್ಚುಗೀಸರ ಮುರಗಾಂವ್ ಬಂದರಿಗೆ ಹೋಯಿತು. ಕಾರವಾರ ಕಾದೇ ಕಾದಿತು. ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದದ್ದು 1998ರ ಜನವರಿ 26ರಂದು.

ಅದೇ 1864ರಲ್ಲಿ ಮತ್ತೊಂದು ಕಡಲೂರಿಗೆ ಅದೃಷ್ಟ ಖುಲಾಯಿಸಿತ್ತು. ಸ್ಪೇನಿನ ಬಾಸ್ಕ್ ಸೀಮೆಯ ಸಾನ್ ಸೆಬಾಸ್ಟಿಯನ್ ನಗರದ ಕೊಲ್ಲಿಯೂ ಕಾರವಾರದಂತೆ ಅರ್ಧಚಂದ್ರಾಕಾರದ್ದು, ಅದರ ಬಾಯಿಗೂ ಒಂದು ನಡುಗಡ್ಡೆ. 1813ರಲ್ಲಿ ನೆಪೋಲಿಯನ್ ಸೇನೆಯಿಂದ ಬಿಡಿಸಲು ಬಂದ ಬ್ರಿಟಿಷ್ ಮತ್ತು ಪೋರ್ಚುಗೀಸ್ ಸೈನಿಕರೇ ಈ ಊರನ್ನು ಸುಟ್ಟುಹಾಕಿದ್ದರು. 1845ರಲ್ಲಿ ರಾಣಿ ಇಸಾಬೆಲ್ ವೈದ್ಯರ ಸಲಹೆಯಂತೆ ಸಮುದ್ರಸ್ನಾನಕ್ಕೆ ಬಂದಳು. ರಾಣಿ ಬಂದಲ್ಲಿಗೆ ಸಿರಿವಂತರು ಬಂದರು. 1863ರಲ್ಲಿ ಕೋಟೆಗೋಡೆ ಕೆಡವುವ ಕೆಲಸ ಆರಂಭವಾಯಿತು, ಮರುವರ್ಷ ಮ್ಯಾಡ್ರಿಡ್‌ನಿಂದ ಫ್ರಾನ್ಸ್ ಗಡಿಯವರೆಗಿನ ರೈಲು ಈ ಊರಿನ ಮೂಲಕವೇ ಹಾದುಹೋಯಿತು. 1893ರಲ್ಲಿ ರಾಜಮನೆತನದ ಬೇಸಿಗೆ ಅರಮನೆ ಮಿರಾಮಾರ್ ಎದ್ದು ನಿಂತಿತು.

ಕಾರವಾರಕ್ಕೆ ರಾಣಿ ಬರಲಿಲ್ಲ, ಕವಿ ಬಂದ. ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ಮನೆಗೆ ಬಂದ ತಮ್ಮ ರವೀಂದ್ರನಾಥರಿಗೆ ಆಗ 22 ವರ್ಷ. ಗಾಳಿಮರಗಳ ಸಾಲಿನ ಮರಳ ದಂಡೆ ಅವರನ್ನು ಸೆರೆಹಿಡಿಯಿತು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲ್ಗಡೆ ಹೋಗಿ, ಹಳೆಯ ಗುಡ್ಡದ ಕೋಟೆ ನೋಡಿ, ರೈತನೊಬ್ಬನ ಸಾರಿಸಿದ ಅಂಗಳದಲ್ಲಿ ಊಟ ಮುಗಿಸಿ, ನದೀಮುಖದಿಂದ ಮರಳ ಮೇಲೆ ನಡೆದೇ ಮನೆಗೆ ಮರಳಿದ್ದನ್ನು ಅವರು ಮುಂದೆ ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ಲೋಕ ತೊರೆದ ಸಂನ್ಯಾಸಿಯನ್ನು ಪುಟ್ಟ ಹುಡುಗಿಯೊಬ್ಬಳು ಮತ್ತೆ ಲೋಕಕ್ಕೆ ಎಳೆದು ತರುವ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದೂ ಇಲ್ಲಿಯೇ. ರೈಲು, ಗೋದಾಮು, ಹಮಾಲರ ಗದ್ದಲ ತುಂಬಿದ ಕಾರವಾರವಾಗಿದ್ದರೆ ಆ ರಾತ್ರಿಯ ನಿಶ್ಶಬ್ದ ಅವರಿಗೆ ದಕ್ಕುತ್ತಿತ್ತೆ?

ಇಂದು ಆ ದಂಡೆಗೆ ರವೀಂದ್ರರದೇ ಹೆಸರು. ಆದರೆ ದಂಡೆಯ ಮೇಲೆ ಹಕ್ಕು ಹೇಳುವವರು ಅನೇಕರು. ದಕ್ಷಿಣಕ್ಕೆ ‘ಸೀಬರ್ಡ್’ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಅದಕ್ಕಾಗಿ ಹಲವು ಹಳ್ಳಿಗಳು ಖಾಲಿಯಾದವು. ಹತ್ತಿಯ ಜಾಗಕ್ಕೆ ಬಂದ ಕಬ್ಬಿಣದ ಅದಿರಿನ ರಫ್ತನ್ನು ಸರ್ಕಾರ 2010ರಲ್ಲಿ ನಿಲ್ಲಿಸಿತು. ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆಗೆ ಕೈಹಾಕಿದಾಗ, 2020ರ ಜನವರಿಯಲ್ಲಿ, ಉಳಿದಿರುವ ದಂಡೆಯೂ ಹೋದರೆ ದೋಣಿ ಎಲ್ಲಿ ಎಳೆಯುವುದು, ಬಲೆ ಎಲ್ಲಿ ಹರಡುವುದು ಎಂದು ಮೀನುಗಾರರು ಬೀದಿಗಿಳಿದರು. ವಿವಾದ ಹೈಕೋರ್ಟ್ ಮೆಟ್ಟಿಲೇರಿತು.