ವಾಚ್‌ಡಾಗ್ ಟೈಮರ್ ಚಾಲಕಗಳಲ್ಲಿ ಇಂಟರಪ್ಟ್ ಸಂಘರ್ಷ

ವಾಚ್‌ಡಾಗ್ ಟೈಮರ್ ಎಂಬುದು ಸ್ತಬ್ಧಗೊಂಡ ಗಣಕಯಂತ್ರವನ್ನು ತಾನಾಗಿಯೇ ಮರುಪ್ರಾರಂಭಿಸುವ ಯಂತ್ರಾಂಶ. ತಂತ್ರಾಂಶವು ನಿಗದಿತ ಅವಧಿಯೊಳಗೆ ಇದರ ಎಣಿಕೆಯನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತಿರಬೇಕು. ತಪ್ಪಿದರೆ ಯಂತ್ರ ರೀಸೆಟ್ ಆಗುತ್ತದೆ. ಕೆಲವು ಟೈಮರ್‌ಗಳು ರೀಸೆಟ್‌ಗೆ ಮುನ್ನ ಪ್ರೊಸೆಸರ್‌ಗೆ ಇಂಟರಪ್ಟ್ ಕಳುಹಿಸಿ ಎಚ್ಚರಿಸುತ್ತವೆ. ನಡೆಯುತ್ತಿರುವ ಕೆಲಸವನ್ನು ತಡೆದು ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತವೇ ಇಂಟರಪ್ಟ್. ಅದೇ ಇಂಟರಪ್ಟ್ ಮಾರ್ಗವನ್ನು ಬೇರೊಂದು ಸಾಧನವೂ ಬಳಸಿದಾಗ ಸಂಘರ್ಷ ಉಂಟಾಗುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಇದನ್ನು ನಿಭಾಯಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಐಬಿಎಂ ಪಿಸಿ-ಎಟಿ ಮಾದರಿಯ ಯಂತ್ರಗಳಲ್ಲಿ ಎರಡು 8259 ನಿಯಂತ್ರಕಗಳು ಸೇರಿ 15 ಮಾರ್ಗಗಳನ್ನಷ್ಟೇ ಒದಗಿಸುತ್ತಿದ್ದವು. ಐಎಸ್‌ಎ ಕಾರ್ಡ್‌ಗಳ ಸಂಕೇತ ಅಂಚು-ಪ್ರಚೋದಿತವಾದ ಕಾರಣ, ಒಂದೇ ಮಾರ್ಗವನ್ನು ಎರಡು ಕಾರ್ಡ್‌ಗಳು ನಂಬಿಕೆಯಿಂದ ಹಂಚಿಕೊಳ್ಳುವಂತಿರಲಿಲ್ಲ. ಡಬ್ಲ್ಯೂಡಿಟಿ501ಪಿ ಕಾರ್ಡ್‌ನ ಲಿನಕ್ಸ್ ಚಾಲಕವು ಪೂರ್ವನಿಯೋಜಿತವಾಗಿ 11ನೇ ಮಾರ್ಗವನ್ನು ಕೇಳುತ್ತದೆ. ಅದು ಈಗಾಗಲೇ ಜಾಲ ಕಾರ್ಡ್‌ನ ವಶದಲ್ಲಿದ್ದರೆ, ಮಾರ್ಗ ಖಾಲಿಯಿಲ್ಲವೆಂಬ ಸಂದೇಶದೊಂದಿಗೆ ಚಾಲಕದ ಪ್ರಾರಂಭವೇ ವಿಫಲವಾಗುತ್ತದೆ. ಆಗ ಕಾರ್ಡ್‌ನ ಮಾರ್ಗವನ್ನೂ ಮಾಡ್ಯೂಲ್‌ನ ನಿಯತಾಂಕವನ್ನೂ ಒಂದಕ್ಕೊಂದು ಹೊಂದುವಂತೆ ಬದಲಿಸಬೇಕು. ಪಿಸಿಐ ಸಾಧನಗಳ ಸಂಕೇತವು ಮಟ್ಟ-ಪ್ರಚೋದಿತ. ಹೀಗಾಗಿ ಅಲ್ಲಿ ಹಂಚಿಕೆ ಸಾಧ್ಯ.

ಹಂಚಿಕೆಯ ನಿಯಮಗಳು

ಮಾರ್ಗವನ್ನು ಹಂಚಿಕೊಳ್ಳಬೇಕಾದರೆ ಅದನ್ನು ಕೇಳುವ ಎಲ್ಲ ಚಾಲಕಗಳೂ 'ಐಆರ್‌ಕ್ಯೂಎಫ್_ಶೇರ್ಡ್' ಸೂಚಕವನ್ನು ನೀಡಿರಬೇಕು, ಪ್ರಚೋದನೆಯ ವಿಧವೂ ಒಂದೇ ಆಗಿರಬೇಕು. ಇಲ್ಲವಾದರೆ ಕರ್ನಲ್ 'ಇ-ಬಿಸಿ' ದೋಷವನ್ನು ಹಿಂತಿರುಗಿಸುತ್ತದೆ. ಪ್ರತಿಯೊಂದು ಚಾಲಕಕ್ಕೂ ಪ್ರತ್ಯೇಕ ಗುರುತು ಬೇಕು. ಮುಂದೆ ಮಾರ್ಗವನ್ನು ಬಿಡುಗಡೆ ಮಾಡುವುದು ಆ ಗುರುತಿನ ಮೂಲಕವೇ.

ಕಠಿಣ ಭಾಗವಿರುವುದು ನಿರ್ವಾಹಕ ಕಾರ್ಯದಲ್ಲಿ. ಹಂಚಿಕೆಯ ಮಾರ್ಗದಲ್ಲಿ ಯಾವ ಸಾಧನ ಸಂಕೇತ ಕೊಟ್ಟರೂ ಎಲ್ಲ ನಿರ್ವಾಹಕಗಳಿಗೂ ಕರೆ ಬರುತ್ತದೆ. ಆದ್ದರಿಂದ ವಾಚ್‌ಡಾಗ್ ಚಾಲಕವು ಮೊದಲು ತನ್ನ ಸ್ಥಿತಿ ರಿಜಿಸ್ಟರನ್ನು ಓದಿ, ಸಂಕೇತ ತನ್ನದಲ್ಲದಿದ್ದರೆ 'ಐಆರ್‌ಕ್ಯೂ_ನನ್' ಎಂದು ಮರಳಬೇಕು. ಬೇರೆ ಚಾಲಕಗಳಲ್ಲಿ ಈ ಪರೀಕ್ಷೆ ತಪ್ಪಿದರೆ ಹೆಚ್ಚೆಂದರೆ ಕೆಲಸ ನಿಧಾನವಾದೀತು, ಇಲ್ಲಿ ಹಾಗಲ್ಲ. ಪೂರ್ವಎಚ್ಚರಿಕೆಗೆ 'ಪ್ಯಾನಿಕ್' ನೀತಿಯನ್ನು ಆಯ್ದಿದ್ದರೆ, ಜಾಲ ಕಾರ್ಡ್‌ಗೆ ಬಂದ ಒಂದು ಪೊಟ್ಟಣವೇ ಆರೋಗ್ಯವಂತ ಯಂತ್ರವನ್ನು ಉರುಳಿಸಬಲ್ಲದು. ನಿರ್ವಾಹಕವು ಎಣಿಕೆಯನ್ನು ನವೀಕರಿಸುವಂತಿದ್ದರೆ ಅಪಾಯ ಇನ್ನೂ ಗುಪ್ತವಾದುದು: ಪರರ ಸಂಕೇತದಿಂದಲೇ ಟೈಮರ್ ತೃಪ್ತಿಗೊಂಡು, ಸ್ತಬ್ಧ ಯಂತ್ರ ಎಂದಿಗೂ ರೀಸೆಟ್ ಆಗದೆ ಉಳಿಯಬಹುದು.

ಯಾರೂ ತಮ್ಮದೆಂದು ಒಪ್ಪದ ಸಂಕೇತಗಳು 1,00,000 ಕರೆಗಳಲ್ಲಿ 99,900ನ್ನು ಮೀರಿದರೆ, 'ನೋಬಡಿ ಕೇರ್ಡ್' ಎಂಬ ಸಂದೇಶದೊಡನೆ ಕರ್ನಲ್ ಆ ಮಾರ್ಗವನ್ನೇ ಮುಚ್ಚುತ್ತದೆ. ಆಗ ಅದನ್ನು ನೆಚ್ಚಿದ ಇತರ ಸಾಧನಗಳಿಗೂ ತೊಂದರೆ ತಪ್ಪಿದ್ದಲ್ಲ.

ಇಂಟರಪ್ಟ್ ದೊರೆಯದಿದ್ದಾಗ

ಸಾಮಾನ್ಯವಾಗಿ ರೀಸೆಟ್ ಕ್ರಿಯೆಯು ಯಂತ್ರಾಂಶದಲ್ಲೇ ನಡೆಯುವುದರಿಂದ ಅದಕ್ಕೆ ಇಂಟರಪ್ಟ್‌ನ ಅಗತ್ಯವಿಲ್ಲ. ಆದ್ದರಿಂದ ಮಾರ್ಗ ಸಿಗಲಿಲ್ಲವೆಂದು ಇಡೀ ಚಾಲಕವನ್ನು ಕೈಬಿಡುವುದು ಮುನ್ಸೂಚನೆಗಾಗಿ ರಕ್ಷಣೆಯನ್ನೇ ಕಳೆದುಕೊಂಡಂತೆ. ಐ.ಎಂಎಕ್ಸ್ ಚಿಪ್‌ಗಳ 'ಐಎಂಎಕ್ಸ್2_ಡಬ್ಲ್ಯೂಡಿಟಿ' ಚಾಲಕವು ಉತ್ತಮ ಮಾದರಿ: ಇಂಟರಪ್ಟ್ ದೊರೆತರೆ ಮಾತ್ರ ಪೂರ್ವಎಚ್ಚರಿಕೆಯ ಸೌಲಭ್ಯವನ್ನು ಘೋಷಿಸುತ್ತದೆ, ದೊರೆಯದಿದ್ದರೆ ಕೇವಲ ರೀಸೆಟ್ ಸೌಲಭ್ಯದೊಂದಿಗೆ ಮುಂದುವರಿಯುತ್ತದೆ. ಆರ್ಮ್ ಸಂಸ್ಥೆಯ ಎಸ್‌ಪಿ805 ಟೈಮರ್ ಮೊದಲ ಎಣಿಕೆಯ ಕೊನೆಗೆ ಇಂಟರಪ್ಟ್ ನೀಡಿ, ಎರಡನೆಯದರ ಕೊನೆಗೆ ರೀಸೆಟ್ ಮಾಡುತ್ತದೆ. ಹೀಗಾಗಿ ಅದರ ಲಿನಕ್ಸ್ ಚಾಲಕವು ಕೇಳಿದ ಅವಧಿಯ ಅರ್ಧದಷ್ಟನ್ನೇ ಎಣಿಕೆಗೆ ತುಂಬುತ್ತದೆ.

ಪತ್ತೆಹಚ್ಚುವಿಕೆ

'ಪ್ರಾಕ್' ಕೋಶದ 'ಇಂಟರಪ್ಟ್ಸ್' ಕಡತವು ಪ್ರತಿ ಮಾರ್ಗವನ್ನು ಬಳಸುವ ಚಾಲಕಗಳನ್ನೂ ಬಂದ ಸಂಕೇತಗಳ ಸಂಖ್ಯೆಯನ್ನೂ ತೋರಿಸುತ್ತದೆ. ವಾಚ್‌ಡಾಗ್‌ನ ಸಾಲಿನಲ್ಲಿ ಸಂಖ್ಯೆ ಸತತವಾಗಿ ಏರುತ್ತಿದ್ದರೆ ಆ ಸಂಕೇತಗಳು ಬಹುಮಟ್ಟಿಗೆ ನೆರೆಯ ಸಾಧನದವು.